ಕೂಸಿನ ಹಿಟ್ಟು ಎಮ್ಮಿಗಿ ಹಾಕಿದ್ದು

ಹಾಂಗಲ್ಲ, ತಡೀರಿ, ಮೊದಲಿಂದ ಹೇಳ್ತೀನಿ. ಅದಕ್ಕೂ ಮೊದಲ ಕೈ ಮುಗೀತೀನಿ, ತಪ್ಪಾದ್ರ ಬೈಬ್ಯಾಡ್ರಿ. ನನಗ ಹೇಳಾಕ ಬರಂಗಿಲ್ಲ, ಬರಿಯಾಕಂತೂ ಬರಂಗೇ ಇಲ್ಲ, ಇದೇ ಮೊದಲ ಸಲ ಬರಿಯಾಕತ್ತೀನಿ. ನಮ್ಮೂರ ಅಂಗನವಾಡಿ ಟೀಚರಮ್ಮ ನನಗ ಗಂಟುಬಿದ್ದಾಳ, "ಮುತ್ಯಾ, ತಾಯಂದಿರ ಮೀಟಿಂಗಿನಾಗ ನಿಮ್ಮನಿ ಕೂಸಿನ ಕಥಿ ನೀವೇ ಹೇಳ್ರಿ, ನಾ ಹೇಳಿದ್ರ ಇವರು ಕೇಳಂಗಿಲ್ಲ" ಅಂತ. ಮುತ್ಯಾ ಅಂದ್ರ ನಮ್ಮ ಕಡಿ ಅಜ್ಜ. ಹೋದ ಸಲ ಹೋಗಿ ನಿಂತೆ. ಮುಂದ ನೋಡಿದ್ರ ಇಪ್ಪತ್ತು ಮಂದಿ ಹೆಣ್ಮಕ್ಕಳು, ಒಬ್ಬೊಬ್ಬರ ಉಡಿಯಾಗ ಒಂದೊಂದು ಕೂಸು, ಎಲ್ಲಾ ಕೂಸುಗಳೂ ನನ್ನೇ ನೋಡಾಕತ್ತಿದ್ದವು. "ಎಲ್ಲಾರೂ ಆರಾಮ ಅದೀರಿ?" ಅಂತ ಕೇಳಿದೆ, "ಅದೀವಿ" ಅಂದ್ರು, ನಾ ಚಪ್ಲಿ ಹಾಕ್ಕೊಂಡು ಬಂದುಬಿಟ್ಟೆ. ಅದಕ್ಕ ಟೀಚರಮ್ಮ, "ಹೋಗ್ಲಿ, ಕಟ್ಟಿ ಮ್ಯಾಲ ಮೊಮ್ಮಕ್ಕಳ ಮುಂದ ಕುಂತು ಮಾತಾಡ್ತೀರಲ್ಲ, ಹಾಂಗೇ ಬರ್ಕೊಡ್ರಿ, ನಾ ಓದ್ತೀನಿ" ಅಂದ್ಳು. ಅದಕ್ಕ ಬರಿಯಾಕತ್ತೀನಿ. ಒಂದೇ ಮಾತು ಎರಡು ಸಲ ಬಂದ್ರ ಬಿಟ್ಟು ಓದ್ರಿ.

ನಮ್ಮೂರು ಝರಾಸಂಗಂ ಹತ್ರ. ನಾ ಎಮ್ಮಿ ಕಟ್ಟಿ ಬದುಕಿದವ. ಬೆಳಿಗ್ಗೆ ಮೊದಲ ಬಸ್ಸಿಗಿ ಹಾಲಿನ ಕ್ಯಾನು ಏರಿಸ್ಕೊಂಡು ಜಹೀರಾಬಾದಿಗಿ ಹೋಗೋದು, ಬಸ್ಟ್ಯಾಂಡ್ ಕಡಿ ಚಹಾದಂಗಡಿಗಳಿಗಿ ಹಾಕೋದು, ಖಾಲಿ ಕ್ಯಾನು ತೊಗೊಂಡು ಬರೋದು. ಇದನ್ನ ಯಾಕ ಹೇಳಾಕತ್ತೀನಿ ಅಂದ್ರ, ನನಗ ಹಾಲಂದ್ರ ಭಾಳ ಸೊಕ್ಕು ಇತ್ತು. ನನ್ನ ಹಾಲಿನಾಗ ಬೆರಳು ಅದ್ದಿದ್ರ ಬೆರಳಿಗಿ ಕೆನಿ ಹತ್ತಬೇಕು, ಅಂಥಾ ಹಾಲು. ಯಾರಿಗಿ ಏನು ಬ್ಯಾನಿ ಬಂದ್ರೂ "ನಮ್ಮನಿ ಹಾಲು ಕುಡಿ, ಹೋಗ್ತದ" ಅಂತಿದ್ದೆ. ಮನಿಯಾಗ ನಾನು, ನನ್ನ ಹೆಣ್ತಿ ಶರಣಮ್ಮ, ಮಗ ವೀರೇಶ, ಸೊಸಿ ಜ್ಯೋತಿ. ಮಗ ನಾರಾಯಣಖೇಡದಾಗ ಬೀಜ-ಗೊಬ್ಬರದ ಅಂಗಡಿಯಾಗ ಕೆಲಸಕ್ಕಿದ್ದ, ಐತವಾರ ಬರ್ತಿದ್ದ. ಸೊಸಿ ತಾಂಡೂರಿನಾಕಿ, ಮೆತ್ತಗ ಮಾತಾಡಾಕಿ, ನನ್ನ ಮುಂದ ತಲಿ ಮ್ಯಾಲಿನ ಸೆರಗು ತಗೀತಿದ್ದಿಲ್ಲ. ಅವರಿಗಿ ಒಂದು ಹೆಣ್ಣು ಕೂಸು ಆತು, ಅಕ್ಷತಾ ಅಂತ ಹೆಸರಿಟ್ಟೆವು.

ನಮ್ಮನಿಯಾಗ ಒಂದು ಪದ್ಧತಿ. ಕೂಸಿಗಿ ಆರು ತಿಂಗಳು ತುಂಬಿದ ಮ್ಯಾಲ ಝರಾಸಂಗಂ ದೇವರ ಮುಂದ ಕುಂದರ್ಸಿ, ಆಯಿ, ಅಂದ್ರ ಅಪ್ಪನ ತಾಯಿ, ತನ್ನ ಕೈಲೆ ಮೊದಲ ತುತ್ತು ಅನ್ನ ಬಾಯಿಗಿಡಬೇಕು. ಅಲ್ಲೀತನಕ ಕೂಸಿನ ಬಾಯಿಗಿ ಕಾಳು-ಕಡಿ ಮುಟ್ಟಸಂಗಿಲ್ಲ, ಬರೇ ಹಾಲು. ಶರಣಮ್ಮ ಅದಕ್ಕಂತ ಬೆಳ್ಳಿ ಬಟ್ಟಲು ತಿಕ್ಕಿ ಇಟ್ಟಿದ್ಳು. ಕೂಸಿಗಿ ಐದು ತಿಂಗಳಿದ್ದಾಗ ಶರಣಮ್ಮ ಹೋದ್ಳು. ಎದಿ ನೋಯಾಕತ್ತದ ಅಂದ್ಳು, ನೀರು ತರಾಕ ಒಳಗ ಹೋಗಿ ಬರೋದ್ರಾಗ ಹೋಗಿದ್ಳು. ಅದರ ಬಗ್ಗೆ ಹೆಚ್ಚು ಬರಿಯಂಗಿಲ್ಲ.

ಮಣ್ಣು ಕೊಟ್ಟು ಬಂದ ಮ್ಯಾಲ ಅಂಗಳದಾಗ ಮಂದಿ ಕುಂತಿದ್ರು, ನಮ್ಮ ಅಯ್ಯಾರು ಕುಂತಿದ್ರು. ಅಯ್ಯಾರಂದ್ರ ನಮ್ಮ ಮಂದಿಗಿ ಪೂಜಿ, ಮದುವಿ, ಮಣ್ಣು, ಎಲ್ಲಾ ಮಾಡಿಸೋ ಗುರುಗಳು. ಯಾರೋ, "ಕೂಸಿಗಿ ಅನ್ನ ಮುಟ್ಟಿಸೋದು ಇನ್ನ ಯಾರು ಮಾಡ್ತಾರ?" ಅಂದ್ರು. ನನಗ ಅಳು ತಡೀಲಿಲ್ಲ. ಎಲ್ಲಾರ ಮುಂದ ಎದ್ದು ನಿಂತು, "ಆಕಿ ವರ್ಷ ತುಂಬೋ ತನಕ ಈ ಮನಿಯಾಗ ಆ ಶಾಸ್ತ್ರ ಇಲ್ಲ. ವರ್ಷದ ದಿನ ಆಕಿ ಹೆಸರಲೇ ಮುಟ್ಟಿಸ್ತೀವಿ. ಇದು ನನ್ನ ಮಾತು" ಅಂದೆ. ಎಲ್ಲಾರೂ ಕಣ್ಣೀರು ಹಾಕಿದ್ರು. ಎಷ್ಟು ಪ್ರೀತಿ ನೋಡ್ರಿ ಅಂದ್ರು. ಯಾರೂ ಲೆಕ್ಕ ಹಾಕಲಿಲ್ಲ. ವರ್ಷ ಅಂದ್ರ ಕೂಸಿಗಿ ಹದಿನೇಳು ತಿಂಗಳಾಗ್ತದ, ಹದಿನೇಳು ತಿಂಗಳು ಅದು ಬರೇ ಹಾಲಿನ ಮ್ಯಾಲ ಇರಬೇಕಾಗ್ತದ ಅಂತ ಒಬ್ಬರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ. ಹೊಳದಿದ್ರೂ, ಹಾಲಿನ ಮನಿಯಾಗ ಹಾಲಿಗೇನು ಕಡಿಮಿ ಅಂತಿದ್ದೆ ಖರೆ.

ಆಮ್ಯಾಲ ಮನೂರಿಂದ ನಮ್ಮಕ್ಕ ಈರಮ್ಮ ಬಂದು ನಮ್ಮ ಹತ್ರನೇ ಉಳಿದ್ಳು, ಮನಿ ನೋಡ್ಕೊಳ್ಳಾಕ. ಆಕಿ ನನಗಿಂತ ಎಂಟು ವರ್ಷ ದೊಡ್ಡಾಕಿ, ನನ್ನ ಎತ್ತಿ ಆಡಿಸಿದಾಕಿ. ಕೆಟ್ಟಾಕಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರ ಒಂದು ಮಾತು ಬಿದ್ದದ ಅಂದ್ರ ಅದಕ್ಕ ಕಾವಲು ಕುಂದ್ರಾಕಿ. ಅದೇ ಟೈಮಿಗಿ ಸೊಸಿಗಿ ಟೈಫಾಯಿಡ್ ಬಂತು, ಮೊಲಿಹಾಲು ಕಡಿಮಿ ಆತು. ಆತು, ಎಮ್ಮಿ ಹಾಲು ಶುರು ಮಾಡಿದೆವು. ದಿನಾ ಬೆಳಿಗ್ಗೆ ನಾನೇ ಹಿಂಡಿ, ಕಾಸಿ, ಸೋಸಿ, ಮೊದಲ ಬಾಟ್ಲಿ ಕೂಸಿಗಿ, ಆಮ್ಯಾಲ ಕ್ಯಾನಿಗಿ. ಕೂಸು ಕುಡೀತಿತ್ತು, ಇನ್ನೂ ಕುಡೀತಿತ್ತು, ದುಂಡಗ ಆತು. ದುಂಡಗ ಆಗಿ ಬೆಳ್ಳಗ ಆತು. ನಮ್ಮಲ್ಲಿ ಎಲ್ಲಾರೂ ಜ್ವಾಳದ ಹೊಲದಾಗ ಸುಟ್ಟ ಬಣ್ಣದವರು. ಬಂದ ಬಂದವರು, "ಅಬ್ಬಾ, ಏನು ಬಣ್ಣ! ಹಾಲಿನಾಗ ತೊಳದಂಗ ಅದ" ಅನ್ನಾಕತ್ತಿದ್ರು. ನಾ ಹಿಗ್ಗತಿದ್ದೆ. "ಅಳಂಗಿಲ್ಲ, ಕೂಗಂಗಿಲ್ಲ, ಇಟ್ಟಲ್ಲಿ ಇರ್ತದ, ಎಂಥಾ ಶಾಂತ ಕೂಸು" ಅಂತಿದ್ರು. ಅಕ್ಕ ದೃಷ್ಟಿ ತಗದು ಒಲಿಗಿ ಮೆಣಸಿನಕಾಯಿ ಹಾಕ್ತಿದ್ಳು. ನೋಡ್ರಿ, ಹತ್ತು ತಿಂಗಳ ಕೂಸು ಇಟ್ಟಲ್ಲೇ ಇರ್ತದ ಅಂದ್ರ ಯಾರಾರ ಖುಷಿ ಪಡ್ತಾರೇನು? ನಾವು ಪಟ್ಟೆವು.

ಇನ್ನೊಂದು ಹೇಳಬೇಕು, ಇದು ಹೇಳಾಕ ನನಗ ನಾಚಿಕಿ ಆಗ್ತದ, ಆದ್ರ ಟೀಚರಮ್ಮ ಇದನ್ನೇ ಹೇಳ್ರಿ ಅಂದಾಳ. ಅಂಗನವಾಡಿದಿಂದ ಕೂಸಿಗಂತ ತಿಂಗಳಿಗೊಮ್ಮೆ ಹಿಟ್ಟಿನ ಪಾಕೀಟು ಬರ್ತಿತ್ತು. ಕಾಳು ಹುರದು ಮಾಡಿದ ಹಿಟ್ಟು, ಬಿಸಿ ನೀರಿನಾಗ ಕಲಸಿ ಕೂಸಿಗಿ ತಿನ್ನಸಬೇಕು. ನಮ್ಮನಿಯಾಗ ಕಾಳು ಮುಟ್ಟಸಂಗಿಲ್ಲ ಅಲ್ಲ, ಅದಕ್ಕ ಆ ಪಾಕೀಟು ಏನು ಮಾಡಬೇಕು? ಒಗಿಯಾಕ ಮನಸ್ಸಾಗಲಿಲ್ಲ. ನಾ ತೊಗೊಂಡು ಹೋಗಿ ಎಮ್ಮಿಯ ಹಿಂಡಿ-ಹೊಟ್ಟಿನ ಚೀಲದ ಹತ್ರ ಇಟ್ಟೆ, ದಿನಾ ಒಂದೊಂದು ಹಿಡಿ ಎಮ್ಮಿಗಿ ಕಲಸಿ ಹಾಕಿದೆ. ಅಕ್ಕ ಕೇಳಿದ್ಳು, "ತಮ್ಮಾ, ಕೂಸಿಂದು ಎಮ್ಮಿಗಿ ಹಾಕ್ತಿಯಲ್ಲೋ?" ನಾ ಏನಂದೆ ಗೊತ್ತಾ? "ಎಮ್ಮಿ ತಿಂದ್ರ ಹಾಲಾಗಿ ಕೂಸಿಗೇ ಬರ್ತದಲ್ಲ, ಎಲ್ಲಿಗಿ ಹೋಗ್ತದ?" ಅಂದೆ. ಭಾಳ ಶಾಣ್ಯಾ ಮಾತು ಆಡಿದೆ ಅಂತ ನನಗ ಅನಿಸ್ತು. ಅಕ್ಕನೂ ಹೌದಲ್ಲ ಅಂದ್ಳು. ಜ್ಯೋತಿ ಒಲಿ ಮುಂದ ಕುಂತಿದ್ಳು. ಆಕಿ ಒಲಿಯಾಗಿನ ಕಟಗಿ ಮುಂದಕ್ಕ ದೂಡಿದ್ಳು.

ಕೂಸಿಗಿ ಹನ್ನೊಂದು ತಿಂಗಳಾದಾಗ ಟೀಚರಮ್ಮ ತೂಕ ಮಾಡಾಕ ಬಂದ್ಳು. ತೂಕ ಚಲೋ ಇತ್ತು. ನಾ "ನೋಡವ್ವಾ, ನಮ್ಮ ಹಾಲಿನ ಕೂಸು" ಅಂದೆ. ಆಕಿ ನಗಲಿಲ್ಲ. ಕೂಸಿನ ಅಂಗೈ ತನ್ನ ಅಂಗೈ ಮಗ್ಗಲಾಗ ಹಿಡದು ನೋಡಿದ್ಳು, ಕಣ್ಣಿನ ಕೆಳಗಿನ ರೆಪ್ಪಿ ಎಳದು ನೋಡಿದ್ಳು. "ಮುತ್ಯಾ, ಇಲ್ಲಿ ಬರ್ರಿ. ಇಲ್ಲಿ ಕೆಂಪಗ ಇರಬೇಕು. ನೋಡ್ರಿ, ಕಾಗದದಂಗ ಅದ. ಇದು ಬಣ್ಣ ಅಲ್ರಿ, ರಕ್ತ ಇಲ್ಲ." ಆಗ ಜ್ಯೋತಿ ಹೇಳಿದ್ಳು, ಸಣ್ಣ ದನಿಲೆ, "ಗ್ವಾಡಿ ಸುಣ್ಣ ನೆಕ್ಕತದ್ರಿ, ಹದಿನೈದು ದಿನ ಆತು." ನಾವು ಯಾರೂ ನೋಡಿದ್ದಿಲ್ಲ. ಆಕಿ ನೋಡಿದ್ಳು, ಹೇಳಾಕ ಅಂಜಿದ್ಳು.

ಜಹೀರಾಬಾದಿಗಿ ಕೂಸಿನ ಡಾಕ್ಟರಮ್ಮನ ಹತ್ರ ಹೋದೆವು, ನಾನು, ಜ್ಯೋತಿ. ಬೆರಳಿಗಿ ಚುಚ್ಚಿ ರಕ್ತ ತಗದ್ರು. ಕೂಸು ಚುಚ್ಚಿದ್ರೂ ಜೋರಾಗಿ ಅಳಲಿಲ್ಲ, ಬೆಕ್ಕಿನ ಮರಿ ಹಾಂಗ ಒಂದು ಸಲ ಅಂತು, ಅಷ್ಟೇ. ಡಾಕ್ಟರಮ್ಮ ತೆಲುಗಿನಾಕಿ, ನಮ್ಮ ಮಾತೂ ಬರ್ತದ, ನನಗ 'ಪೆದ್ದಾಯನಾ' ಅಂತಿದ್ಳು, ಹಿರಿಯರಿಗಿ ಅವರು ಹಾಂಗ ಅಂತಾರ. "ಪೆದ್ದಾಯನಾ, ರಕ್ತ ಹನ್ನೊಂದರ ಮ್ಯಾಲ ಇರಬೇಕು, ಇದಕ್ಕ ಏಳು ಅದ. ಏನು ತಿನ್ನಸ್ತೀರಿ?"

"ಹಾಲು" ಅಂದೆ.

"ಹಾಲಿನ ಜೋಡಿ?"

"ಹಾಲೇರಿ. ಎಮ್ಮಿ ಹಾಲು. ನಮ್ಮ ಮನೀದೇ. ನೀರಿಲ್ಲ."

ಆಕಿ ಕನ್ನಡಕ ತಗದು ಇಟ್ಟಳು. "ನೀರು ಹಾಕಿದ್ರೂ ಇಷ್ಟು ಕೆಡ್ತಿದ್ದಿಲ್ಲ, ಪೆದ್ದಾಯನಾ. ಹಾಲಿನಾಗ ಎಲ್ಲಾ ಅದ, ರಕ್ತ ಮಾಡೋ ಕಬ್ಬಿಣ ಮಾತ್ರ ಇಲ್ಲ ಅಂದಂಗೇ. ತಾಯಿ ಹೊಟ್ಟಿಯಿಂದ ಬರುವಾಗ ಕೂಸು ಒಂದು ಬುತ್ತಿ ಕಟ್ಕೊಂಡು ಬಂದಿರ್ತದ, ಅದು ಆರು ತಿಂಗಳಿಗಿ ಮುಗೀತದ. ಆಮ್ಯಾಲ ಊಟದಾಗೇ ಬರಬೇಕು. ಹೊಟ್ಟಿ ತುಂಬಾ ಹಾಲು ಹೊಯ್ದ್ರ ಊಟಕ್ಕ ಜಾಗಾ ಎಲ್ಲಿ ಅದ? ತತ್ತಿ ಕೊಡ್ತೀರಾ?" ತತ್ತಿ ಅಂದ್ರ ಕೋಳಿಮೊಟ್ಟಿ, ನಮ್ಮ ಮಂದಿ ಮುಟ್ಟಂಗಿಲ್ಲ. ನಾನು, ಜ್ಯೋತಿ, ಇಬ್ಬರೂ ನೆಲ ನೋಡಿದೆವು. ಆಕಿ ನನ್ನ ಕೊರಳಾಗಿನ ಲಿಂಗದ ದಾರ ನೋಡಿದ್ಳು. "ಆಯ್ತು, ಬಿಡ್ರಿ. ಬ್ಯಾಳಿ ಅದ ಅಲ್ಲ? ಸಜ್ಜಿ ಅದ, ಪಲ್ಯ ಅದ, ಲಿಂಬಿಹಣ್ಣು ಅದ. ಇವತ್ತೇ ಶುರು ಮಾಡ್ರಿ. ಮಾಡ್ತೀರಲ್ಲ?"

ಜ್ಯೋತಿ ನನ್ನ ಕಡಿ ನೋಡಿದ್ಳು. ನಾ "ಹೂಂ ರೀ" ಅಂದೆ. ಸುಳ್ಳು ಹೇಳಿದೆ. ಯಾಕ ಸುಳ್ಳು ಹೇಳಿದೆ ಅಂತ ಕೇಳ್ರಿ. ನನ್ನ ಮಾತು ನನ್ನ ಕುತ್ತಿಗಿಗಿ ಸುತ್ಕೊಂಡಿತ್ತು. ನೂರು ಮಂದಿ ಮುಂದ ಸತ್ತಾಕಿ ಹೆಸರಿನ ಮ್ಯಾಲ ಆಡಿದ ಮಾತು, ಇನ್ನೂ ಆರು ತಿಂಗಳು ಉಳದದ. ಮುರದ್ರ ಶರಣಮ್ಮಗ ಮೋಸ ಮಾಡ್ದಂಗ. ಮುರೀದಿದ್ರ ಕೂಸು. ಈ ಡಾಕ್ಟರಮ್ಮನ ಮುಂದ ಇದೆಲ್ಲಾ ಹೇಳಿದ್ರ ಹಳ್ಳಿ ಗಮಾರ ಅಂತಾಳ ಅಂತ ಅದೊಂದು ನಾಚಿಕಿ. ಅದಕ್ಕ 'ಹೂಂ' ಅಂದೆ. ಹನಿ ಹಾಕೋ ದವಾ ಬರ್ಕೊಟ್ಟಿದ್ಳಲ್ಲ, ಅದರಲೇ ಆರಾಮ ಆಗ್ತದ, ಅನ್ನ ಆಮ್ಯಾಲ ಮುಟ್ಟಿಸಿದ್ರಾತು ಅಂತ ಮನಸ್ಸಿಗಿ ಹೇಳ್ಕೊಂಡೆ. ಬಸ್ಸಿನಾಗ ಜ್ಯೋತಿ ಕಿಟಕಿ ಕಡಿ ಮುಖ ಮಾಡಿ ಕುಂತಿದ್ಳು, ಊರು ಬರೋ ತನಕ ಈ ಕಡಿ ತಿರುಗಲೇ ಇಲ್ಲ.

ಆ ದವಾ ಕಂದು ಬಣ್ಣದ್ದು, ತುಕ್ಕಿನ ವಾಸನಿ. ಕೂಸು ಉಗುಳಿಬಿಟ್ಟಿತು. ಡಾಕ್ಟರಮ್ಮ ಹೇಳಿದ್ಳು, ಹಾಲಿನ ಜೋಡಿ ಕೊಡಬ್ಯಾಡ್ರಿ, ಹಾಲು ಅದನ್ನ ಮೈಗಿ ಹತ್ತಗೊಡಂಗಿಲ್ಲ, ಎರಡು ಊಟದ ನಡುವ ಕೊಡ್ರಿ ಅಂತ. ನಾ ಏನು ಮಾಡಿದೆ? ಹಾಲಿನವ ಅಲ್ಲೇನು ನಾ? ಬಾಟ್ಲಿ ಹಾಲಿನಾಗ ಹನಿ ಹಾಕಿ ಅಲ್ಲಾಡಿಸಿ ಕೊಟ್ಟೆ. ಕೂಸು ಗುಟುಗುಟು ಕುಡೀತು. "ನೋಡಕ್ಕಾ, ಹಾಲಿನಾಗ ಹಾಕಿದ್ರ ವಿಷಾನೂ ಕುಡೀತದ" ಅಂದೆ. ಅಕ್ಕ "ಥೂ, ಬಾಯಿ ಮುಚ್ಚು" ಅಂದ್ಳು. ಹತ್ತು ದಿನ ಆತು, ಕೂಸಿನ ಹೇಲು ಕರ್ರಗ ಬರಾಕತ್ತಿತು. ಇದೂ ಡಾಕ್ಟರಮ್ಮ ಹೇಳಿದ್ಳು, ಕರ್ರಗ ಬರ್ತದ, ಅಂಜಬ್ಯಾಡ್ರಿ ಅಂತ. ಆದ್ರ ಅಕ್ಕಗ ಯಾರು ಹೇಳ್ಯಾರ? ಆಕಿ ಲಂಗೋಟಿ ಹಿಡ್ಕೊಂಡು ಅಂಗಳಕ್ಕ ಬಂದ್ಳು. "ತಮ್ಮಾ, ಕೂಸಿನ ಹೊಟ್ಟಿ ಸುಟ್ಟದ! ಆ ತುಕ್ಕಿನ ನೀರು ಬಂದ್ ಮಾಡು, ಇಲ್ಲಾ ನಾ ಮನೂರಿಗಿ ಹೋಗ್ತೀನಿ!" ಜ್ಯೋತಿ, "ಅತ್ತಿ, ಡಾಕ್ಟರ್ ಹೇಳ್ಯಾರ್ರಿ..." ಅಂತ ಶುರು ಮಾಡಿದ್ಳು. "ಡಾಕ್ಟರ್ ಹಡದಾಳೇನು ಈ ಕೂಸಿನ್ನ?" ಅಂದ್ಳು ಅಕ್ಕ. ಹಡದಾಕಿ ಎದುರಿಗೇ ನಿಂತಿದ್ಳು, ಅದು ಅಕ್ಕಗ ಹೊಳೀಲಿಲ್ಲ. ನಾ ಸುಮ್ಮನಿದ್ದೆ. ನಮ್ಮನಿಯಾಗ ನಾ ಸುಮ್ಮನಿದ್ದೆ ಅಂದ್ರ ಹೌದು ಅಂದಂಗ. ದವಾ ಬಂದ್ ಆತು, ಶೀಶೆ ಮಾಡಿನ ಜಂತಿ ಮ್ಯಾಲ ಹೋತು.

ಆ ತಿಂಗಳು ಹ್ಯಾಂಗ ಹೋತು ಅಂತ ನನಗೇ ಗೊತ್ತು. ಬೆಳಿಗ್ಗೆ ಎಮ್ಮಿ ಕೆಳಗ ಕುಂತ್ರ ಹಾಲಿನ ಸಪ್ಪಳ ಕೇಳಾಕ ಆಗ್ತಿದ್ದಿಲ್ಲ. ಬಾಟ್ಲಿ ತುಂಬುವಾಗ ಅನಸೋದು, ಕೊಟ್ರ ತಪ್ಪು, ಕೊಡದಿದ್ರ ಏನು ಕೊಡ್ಲಿ? ಅನ್ನ ಇಲ್ಲ, ದವಾ ಇಲ್ಲ, ಉಳದಿದ್ದು ಅದೊಂದೇ. ತಾಂಡೂರಿಂದ ಜ್ಯೋತಿ ತಾಯಿ ಫೋನ್ ಮಾಡ್ತಿದ್ಳು, "ಬೀಗರ, ಹೊಸ ತೊಗರಿಬ್ಯಾಳಿ ಕಳಿಸೀನ್ರಿ, ಕೂಸಿಗಿ ಕಟ್ಟು ಮಾಡಿ ಕುಡಸ್ರಿ" ಅಂತ. ನಾ "ಕುಡಸ್ತೀವ್ರಿ" ಅಂತಿದ್ದೆ. ಬ್ಯಾಳಿ ಗಂಟು ಬಿಚ್ಚದೇ ಇತ್ತು. ಐತವಾರ ಮಗ ಬಂದ್ರ ಅವನೂ ನನ್ನ ಮುಖ ನೋಡೋದು, ಹೆಣ್ತಿ ಮುಖ ನೋಡೋದು, ಸೋಮವಾರ ಎದ್ದು ಹೋಗೋದು. ಒಂದು ಸಲ "ಅಪ್ಪಾ..." ಅಂದ. "ಏನೋ?" ಅಂದೆ. "ಏನಿಲ್ರಿ" ಅಂದ. ಯಾರಾರ ಒಬ್ಬರು ನನ್ನ ಬೈದಿದ್ರ ಚಲೋ ಇತ್ತು. ಎಲ್ಲಾರೂ ನನ್ನ ಮಾತಿಗಿ ಮರ್ಯಾದಿ ಕೊಡಾಕತ್ತಿದ್ರು. ಬೀಗ ಹಾಕಿದವ ನಾನೇ, ಕೀಲಿ ಸಿಗವಲ್ದು.

ತಿಂಗಳು ಬಿಟ್ಟು ಮತ್ತ ಹೋದೆವು. ರಕ್ತ ಆರಕ್ಕ ಇಳದಿತ್ತು. ಡಾಕ್ಟರಮ್ಮ ಚೀಟಿ ನೋಡಿದ್ಳು, ಕೂಸಿನ್ನ ನೋಡಿದ್ಳು, ಎದಿಗಿ ನಳಿಗಿ ಹಚ್ಚಿ ಭಾಳ ಹೊತ್ತು ಕೇಳಿದ್ಳು. "ಎದಿ ಎಷ್ಟು ಜೋರಾಗಿ ಬಡ್ಕೊಳ್ಳಾಕತ್ತದ ನೋಡ್ರಿ. ಇರೋ ಸ್ವಲ್ಪ ರಕ್ತಾನೇ ಸುತ್ತಿ ಸುತ್ತಿ ಓಡಸಾಕತ್ತದ. ಇನ್ನೂ ಇಳದ್ರ ಇಲ್ಲಿ ಆಗಂಗಿಲ್ಲ, ಹೈದರಾಬಾದಿಗಿ ಹೋಗಿ ರಕ್ತ ಏರಸಬೇಕಾಗ್ತದ. ಖರೆ ಹೇಳ್ರಿ, ಏನು ತಿನ್ನಿಸಿದ್ರಿ?"

ಆಗ ಜ್ಯೋತಿ, ನನ್ನ ಮುಂದ ಎಂದೂ ದನಿ ಎತ್ತದಾಕಿ, "ಏನೂ ತಿನ್ನಿಸಿಲ್ಲ ಮೇಡಂ. ಮಾವಾರು ಮಾತು ಕೊಟ್ಟಾರ್ರಿ" ಅಂದ್ಳು. ಅಷ್ಟೇ. ಡಾಕ್ಟರಮ್ಮ "ಯಾರಿಗಿ ಕೊಟ್ಟಾರ?" ಅಂತ ಕೇಳಿದ್ಳು. ಜ್ಯೋತಿ ಕೂಸಿನ್ನ ಎದಿಗಿ ಒತ್ಕೊಂಡ್ಳು. ಡಾಕ್ಟರಮ್ಮ ಒಂದು ವಾರದ ಟೈಮ್ ಕೊಟ್ಟಳು, ದಿನಾ ಊಟ, ದಿನಾ ದವಾ, ವಾರಕ್ಕ ಮತ್ತ ತೋರಸಬೇಕು ಅಂತ. ಬಸ್ಟ್ಯಾಂಡಿಗಿ ಬಂದು ನಾ ಅಯ್ಯಾರಿಗಿ ಫೋನ್ ಹಚ್ಚಿದೆ. ಅವರು ಕೊಡಂಗಲ್‌ದಾಗ ಒಂದು ಮದುವಿಗಿ ಹೋಗಿದ್ರು, ಬಾಜಾ ಸಪ್ಪಳ. "ಅಯ್ಯಾರ, ಮಾತು ಹಿಂದಕ್ಕ ತೊಗೊಳ್ಳಾಕ ಏನು ಮಾಡಬೇಕ್ರಿ?" ಅಂತ ಒದರಿದೆ. "ಏನು? ಕೇಳವಲ್ದು! ನಾಕು ದಿನ ಬಿಟ್ಟು ಬರ್ತೀನಿ, ಬಂದು ಮಾತಾಡೋಣು!" ಅಂದ್ರು, ಇಟ್ಟುಬಿಟ್ರು. ನಾಕು ದಿನ. ಕೂಸು ಜ್ಯೋತಿ ಹೆಗಲ ಮ್ಯಾಲ ತಲಿ ಇಟ್ಟಿತ್ತು. ಎದುರಿಗಿ ನಾ ಹಾಲು ಹಾಕೋ ಚಹಾದಂಗಡಿಯವ ಕೈ ಎತ್ತಿ "ಮೊಮ್ಮಗಳೇನ್ರಿ? ಎಷ್ಟು ಗೋರಿ ಅದಾಳ!" ಅಂದ. ಗೋರಿ ಅಂದ್ರ ಬೆಳ್ಳಗ. ನಾ ಆ ಕಡಿ ನೋಡದೇ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ. ನಾ ಹಾಲಿನ ಕ್ಯಾನು ಬಸ್ಸಿಗಿ ಹಾಕಿ, ಕಂಡಕ್ಟರ್ ಕೈಯಾಗ ಒಪ್ಪಿಸಿ ತಿರುಗಿ ಬಂದುಬಿಟ್ಟೆ, ಜಹೀರಾಬಾದಿಗಿ ಹೋಗಾಕ ಕಾಲು ಬರಲಿಲ್ಲ. ದಿನಾ ಆ ಹೊತ್ತಿನಾಗ ನಾ ಮನಿಯಾಗ ಇರ್ತಿದ್ದಿಲ್ಲ. ಅಕ್ಕ ಪೂಜಿಗಿ ಕುಂತಿದ್ಳು. ನಾ ಕೊಟ್ಟಿಗಿ ಕಡಿ ಹೋದೆ. ಎಮ್ಮಿಯ ಹಿಂದ, ಹೊಟ್ಟಿನ ಚೀಲದ ಮಗ್ಗಲಾಗ, ಜ್ಯೋತಿ ಗ್ವಾಡಿಗಿ ಒತ್ತಿ ಕುಂತಿದ್ಳು. ತೊಡಿ ಮ್ಯಾಲ ಕೂಸು. ಕೈಯಾಗ ಒಂದು ಸ್ಟೀಲಿನ ವಾಟಗಾ, ಸಣ್ಣ ಬಟ್ಟಲು. ಎಮ್ಮಿಗಂತ ಇಟ್ಟಿದ್ದ ಆ ಪಾಕೀಟು ಬಿಚ್ಚಿತ್ತು. ನನ್ನ ನೆರಳು ಬಿತ್ತು ನೋಡ್ರಿ, ಆಕಿ ವಾಟಗಾ ಸೆರಗಿನ ಕೆಳಗ ಮುಚ್ಚಿದ್ಳು. "ಇಲ್ರಿ ಮಾವಾ, ನಾನು... ಎಮ್ಮಿಗಿ ಕಲಸಾಕ..." ಅಂದ್ಳು. ಕೂಸಿನ ಬಾಯಿ ಸುತ್ತ, ಮೂಗಿನ ಮ್ಯಾಲ, ಗದ್ದಕ್ಕ, ಎಲ್ಲಾ ಹಿಟ್ಟು ಮೆತ್ತಿತ್ತು. ಅದು ಆಕಿ ಸೆರಗು ಹಿಡದು ಎಳ್ಯಾಕತ್ತಿತ್ತು, ಇನ್ನೂ ಬೇಕು ಅಂತ.

ನನಗ ಸಿಟ್ಟು ಬರಲಿಲ್ಲ. ನಗಿ ಬಂತೋ, ಅಳು ಬಂತೋ ಗೊತ್ತಾಗಲಿಲ್ಲ. ನಾ ನಿಂತಲ್ಲೇ ಸಗಣಿ ನೆಲದ ಮ್ಯಾಲ ಕುಂತೆ. ನನ್ನ ಮನಿಯಾಗ ಹಡದ ತಾಯಿ ತನ್ನ ಕೂಸಿಗಿ ಎಮ್ಮಿ ಪಾಲಿನಾಗಿಂದ ಕದ್ದು ತಿನ್ನಸಾಕತ್ತಾಳ, ಅದೂ ನನ್ನ ನೋಡಿ ಅಂಜಿ. ಶರಣಮ್ಮ ಇದ್ದಿದ್ರ ನನ್ನ ಕೆನ್ನಿಗಿ ಹೊಡೀತಿದ್ಳು. ಖರೆ ಹೇಳ್ತೀನಿ, ಆಕಿ ಹೋದ ಮ್ಯಾಲ ಆಕಿ ಏನು ಅಂತಿದ್ಳು ಅಂತ ನಾ ಒಂದು ಸಲನೂ ಕೇಳ್ಕೊಂಡಿದ್ದಿಲ್ಲ, ನನ್ನ ದುಃಖಾನೇ ಆಕಿ ಹೆಸರಿಟ್ಟು ಮಾತಾಡಿಸ್ತಿದ್ದೆ.

"ಮುಚ್ಚಬ್ಯಾಡವ್ವಾ" ಅಂದೆ. "ತಗಿ. ಎಷ್ಟು ದಿನ ಆತು?"

"ನಿನ್ನೆ ಸಂಜಿಂದ್ರಿ ಮಾವಾ. ದವಾಖಾನಿಯಿಂದ ಬಂದ ಮ್ಯಾಲ. ಬೈಬ್ಯಾಡ್ರಿ."

"ಹೊರಗ ಬಾ. ಅಡಗಿಮನಿಯಾಗ ಕುಂತು ತಿನ್ನಸು" ಅಂದೆ. ಆಕಿ ಏಳಲಿಲ್ಲ, ನನ್ನ ಮಾತು ನಂಬಲಿಲ್ಲ. ನಾ ಹಿಟ್ಟಿನಾಗ ಬೆರಳು ಅದ್ದಿ ಕೂಸಿನ ಬಾಯಿಗಿಟ್ಟೆ. ಅದು ಬೆರಳು ಕಚ್ಚಿತು. ಆಗ ಎದ್ದಳು.

ಅಕ್ಕ ಪೂಜಿ ಬಿಟ್ಟು ಬಂದ್ಳು. ನೋಡಿದ್ಳು. "ತಮ್ಮಾ! ಏನು ಮಾಡಿದ್ಯೋ? ಇನ್ನೂ ಐದು ತಿಂಗಳು ಅದ! ದೇವರಿಲ್ಲ, ಶಾಸ್ತ್ರ ಇಲ್ಲ, ಕೊಟ್ಟಿಗಿಯಾಗ ಮುಟ್ಟಿಸಿದ್ಯೇನೋ ಅನ್ನ?"

"ಅನ್ನ ಅಲ್ಲಕ್ಕ, ಎಮ್ಮಿ ಹಿಟ್ಟು" ಅಂದೆ.

"ಚಾಷ್ಟಿ ಮಾಡ್ತಿಯಾ? ಶರಣಮ್ಮನ ಹೆಸರಿನ ಮ್ಯಾಲ ಮಾತು ಆಡಿದಾಂವ ನೀನು!"

"ಆಡಿದೆ. ತಪ್ಪು ಆಡಿದೆ. ಪಾಪ ಬಂದ್ರ ನನಗ ಬರಲಿ, ಮೈ ತುಂಬಾ ಬರಲಿ. ಕೂಸಿಗಿ ಬ್ಯಾಡ. ಅಕ್ಕಾ, ಇದರ ಎದಿ ಮ್ಯಾಲ ಒಮ್ಮೆ ಕೈ ಇಡು." ಆಕಿ ಇಡಲಿಲ್ಲ. ನಾನೇ ಆಕಿ ಕೈ ಹಿಡದು ಕೂಸಿನ ಎದಿ ಮ್ಯಾಲ ಇಟ್ಟೆ. ಹಿಡದ ಗುಬ್ಬಿ ಎದಿ ಹಾಂಗ ಬಡ್ಕೊಳ್ಳಾಕತ್ತಿತ್ತು. ಅಕ್ಕ ಕೈ ತಗೀಲಿಲ್ಲ, ಹಾಂಗೇ ನಿಂತಳು. ಆಮ್ಯಾಲ ಒಳಗ ಹೋಗಿ ಮಲಗಿಬಿಟ್ಟಳು, ಆ ದಿನ ಊಟ ಮಾಡಲಿಲ್ಲ.

ಮರುದಿನ ಜ್ಯೋತಿ ತಾಂಡೂರಿನ ಬ್ಯಾಳಿ ಬೇಯಿಸಿ, ನುಗ್ಗಿ ಸೊಪ್ಪು ಹಾಕಿ, ಮೆತ್ತಗ ಹಿಸುಕಿ ತಿನ್ನಸಾಕತ್ತಿದ್ಳು. ಅಕ್ಕ ಬಾಗಲದಾಗ ನಿಂತು ನೋಡಿದ್ಳು, ನೋಡಿದ್ಳು, ತಡೀಲಾರದೇ, "ದಂಟು ಹಾಂಗೇ ಬಿಟ್ಟಿಯಲ್ಲೇ, ಕೂಸಿನ ಗಂಟಲಿಗಿ ಸಿಗ್ತದ! ಎಲಿ ಮಾತ್ರ ಹಿರೀಬೇಕು, ಕೊಡು ಇಲ್ಲಿ" ಅಂತ ವಾಟಗಾ ಕಸ್ಕೊಂಡ್ಳು. ಆವತ್ತಿಂದ ಸೊಪ್ಪು ಹಿರಿಯೋದು ಆಕಿದೇ. ದವಾ ಜಂತಿಯಿಂದ ಇಳೀತು. ಹೇಲು ಮತ್ತ ಕರ್ರಗ ಆತು, ಅಕ್ಕ ಮೂಗು ಮುಚ್ಕೊಂಡು "ಆಗ್ಲಿ, ಆಗ್ಲಿ" ಅಂದ್ಳು. ಬಾಟ್ಲಿ ಬಿಡಿಸಿ ದಿನಕ್ಕ ಎರಡು ಸಣ್ಣ ವಾಟಗಾ ಹಾಲು ಮಾತ್ರ ಮಾಡಿದೆವು. ಮೂರು ದಿನ ಕೂಸು ಹಾಲಿಗಿ ಅತ್ತು ಓಣಿ ಎಬ್ಬಿಸಿತು, ಮಗ್ಗಲ ಮನಿಯವರು "ಹಾಲಿನವರ ಮನಿಯಾಗ ಹಾಲಿಗಿ ಬರ ಬಂದದೇನ್ರಿ?" ಅಂತ ಚಾಷ್ಟಿ ಮಾಡಿದ್ರು. ನಾ ಎಮ್ಮಿ ಹಿಂಡುವಾಗ ಕೂಸಿನ್ನ ಆ ಕಡಿ ಬರಗೊಡ್ತಿದ್ದಿಲ್ಲ. ವಾರಕ್ಕ ಡಾಕ್ಟರಮ್ಮ ನೋಡಿ ಇಳದಿಲ್ಲ ಅಂದ್ಳು. ತಿಂಗಳಿಗಿ ಎಂಟರ ಮ್ಯಾಲ ಬಂತು. ಒಂದು ದಿನ ನಾ ಕಟ್ಟಿ ಮ್ಯಾಲ ಕುಂತಾಗ ಅದು ಅಂಬೆಗಾಲಿಟ್ಟು ಬಂದು ನನ್ನ ಮೀಸಿ ಹಿಡದು ಎಳೀತು, ಬಿಡವಲ್ದು, ಬಿಡಿಸಿದ್ರ ಒದರತದ. ಶಾಂತ ಕೂಸು ಹೋಗಿತ್ತು. ಜ್ಯೋತಿ ಬಾಗಲದಾಗ ನಿಂತು ಜೋರಾಗಿ ನಕ್ಕಳು, ನನ್ನ ಮುಂದ ಆಕಿ ನಕ್ಕಿದ್ದು ಅದೇ ಮೊದಲು.

ಅಯ್ಯಾರು ಮುಂದಿನ ವಾರ ಬಂದಿದ್ರು, ಇದು ಹಿಂದಕ್ಕ ಹೇಳಬೇಕಿತ್ತು, ಮರೆತೆ. ನಾ ಕಾಲಿಗಿ ಬಿದ್ದು ಎಲ್ಲಾ ಹೇಳಿದೆ, ಮಾತು ಮುರದೀನ್ರಿ, ಏನು ಪ್ರಾಯಶ್ಚಿತ್ತ ಅಂತ. ಅವರು ನನ್ನೇ ನೋಡಿದ್ರು. "ನಮ್ಮ ಮಂದಿಯಾಗ ಸೂತಕ ಇಲ್ಲೋ ಮಾರಾಯಾ, ಸತ್ತವರಿಗಂತ ಕೂಸಿನ್ನ ಉಪವಾಸ ಇಡೋದು ಎಲ್ಲಿ ಅದ? ಅವತ್ತೇ ಅಂಗಳದಾಗ 'ವರ್ಷ ಬ್ಯಾಡ, ಮೂರು ತಿಂಗಳಿಗಿ ಶಾಸ್ತ್ರ ಮುಗಿಸು' ಅಂದೆ. ನೀ ಅಳಾಕತ್ತಿದ್ದಿ, ನನ್ನ ಮಾತು ಕಿವಿಗಿ ಹಾಕ್ಕೊಳ್ಳಲಿಲ್ಲ" ಅಂದ್ರು. ಅಂದ್ರ, ಆ ಮಾತಿಗಿ ನನ್ನ ಕಟ್ಟಿ ಹಿಡದವರು ಯಾರೂ ಇದ್ದಿದ್ದಿಲ್ಲ. ಇದನ್ನ ನೆನಸ್ಕೊಂಡ್ರ ಈಗಲೂ ಎದ್ದು ಎರಡು ಸುತ್ತು ಅಂಗಳದಾಗ ತಿರುಗ್ತೀನಿ. ದೊಡ್ಡವರ ದುಃಖ ದೊಡ್ಡವರು ಉಣ್ಣಬೇಕ್ರಿ, ಕೂಸಿನ ತಾಟಿನಾಗ ಬಡಸಬಾರದು. ನಾ ಹೇಳೋದು ಇಷ್ಟೇ.

ಹಾಂ, ಇನ್ನೊಂದು ಮುಖ್ಯ ಅದ, ಟೀಚರಮ್ಮ ಇದನ್ನ ಮರೀಬ್ಯಾಡ್ರಿ ಅಂದಾಳ. ಬಣ್ಣ ಬಂತು, ಆಟ ಆಡಾಕತ್ತಿತು ಅಂತ ದವಾ ನಿಲ್ಲಸಬ್ಯಾಡ್ರಿ. ಎಲ್ಲಾರೂ ಇದೇ ತಪ್ಪು ಮಾಡ್ತಾರ, ನಾವೂ ಮಾಡಾಕ ಹೊಂಟಿದ್ದೆವು. ಡಾಕ್ಟರ್ ಸಾಕು ಅನ್ನೋ ತನಕ ಕೊಡಬೇಕು, ತಿಂಗಳುಗಟ್ಟಲೆ ಆದ್ರೂ. ಶೀಶೆ ಮಕ್ಕಳ ಕೈಗಿ ಸಿಗದಂಗ ಇಡಬೇಕು, ಹೆಚ್ಚು ಕುಡದ್ರ ಅದೇ ವಿಷ. ಬ್ಯಾಳಿ-ಪಲ್ಯದ ಮ್ಯಾಲ ಲಿಂಬಿಹುಳಿ ಹಿಂಡಬೇಕು, ಚಹಾ ಮಾತ್ರ ಕೊಡಬಾರದು. ಯಾಕ ದವಾ ಅಷ್ಟು ದಿನ ಅಂದ್ರ, ರಕ್ತದಾಗ ಬಂದಿದ್ದು ಬ್ಯಾರೆ, ಮೈಯಾಗ ಕೂಡಿ ಇಡೋದು ಬ್ಯಾರೆ, ಅದು ತುಂಬಾಕ ಇನ್ನೂ ಎಷ್ಟು ದಿನ ಬೇಕು ಅಂದ್ರ ಮೊದಲು ಏನು ನೋಡಬೇಕು ಅಂತ...

"ಏ ಮುತ್ಯಾ! ಶಾಲಿ ಆಟೋ ಬಂತು, ಹಾರ್ನ್ ಹೊಡ್ಯಾಕತ್ತಾನ! ನನ್ನ ಬೂಟು ಎಲ್ಲಿ ಇಟ್ಟಿ? ಬಾ ಜಲ್ದಿ, ಬರ್ಕೋತ ಕುಂತಾನ ನೋಡು!"

ಬಂದೆವ್ವಾ ಅಕ್ಷತಾ, ಬಂದೆ, ಒದರಬ್ಯಾಡ, ಓಣಿ ಎಲ್ಲಾ ಕೇಳ್ತದ. ಹೋಗಬೇಕ್ರಿ, ಇಲ್ಲಂದ್ರ ಬಿಡಂಗಿಲ್ಲ ಆಕಿ.